ಕಾಲಿಗೆ ಮರಳು ತಾಗುವ ಮೊದಲು

“ಗುರುಗಳೇ, ನಾನು ಯಾರಿಗೂ ಕಡಿಮೆ ಕೊಟ್ಟವನಲ್ಲ. ಆದರೂ ನನ್ನ ಸುತ್ತಲಿನವರಲ್ಲಿ ಒಬ್ಬರೂ ನನಗೆ ನಿಜ ಹೇಳುವುದಿಲ್ಲ. ಏಕೆ?”

ಕೇಳಿದವನು ಮಹಾಬಲಯ್ಯ. ಅವನಿಗೆ ಹನ್ನೊಂದು ಬಸ್ಸುಗಳಿದ್ದವು. ಹೊಸ ಮಾರ್ಗವೊಂದಕ್ಕೆ ಬಸ್ಸು ಬಿಟ್ಟು ಎರಡು ವರ್ಷ ಅದನ್ನು ಖಾಲಿ ಓಡಿಸಿದ್ದ. ಆ ದಾರಿಯಲ್ಲಿ ಹತ್ತುವ ಜನವೇ ಇಲ್ಲವೆಂಬುದು ಡ್ರೈವರಿಗೆ ಗೊತ್ತಿತ್ತು, ಕಂಡಕ್ಟರಿಗೆ ಗೊತ್ತಿತ್ತು, ಮ್ಯಾನೇಜರಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಕೇಳಿದಾಗಲೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಮಾತು: “ಚೆನ್ನಾಗಿ ನಡೀತಿದೆ ಧಣಿ.” ಹಬ್ಬಕ್ಕೆ ಮೊದಲೇ ಬೋನಸ್ಸು, ಕೆಲಸಕ್ಕೆ ಮೊದಲೇ ಇನಾಮು ಕೊಡುವ ಧಣಿಗೆ ಬೇಸರ ಮಾಡುವುದು ಅವರಿಗೆ ಇಷ್ಟವಿರಲಿಲ್ಲ.

ಗುರು ನಕ್ಕರು.

“ನಿಜ ಕೇಳಿಸಿಕೊಳ್ಳುವ ಕಿವಿ ನಿನಗಿಲ್ಲ ಎನ್ನೋಣವೆಂದರೆ ಎರಡೂ ಇದ್ದ ಜಾಗದಲ್ಲೇ ಇವೆ. ಕೂತುಕೋ. ಒಂದು ಕತೆ ಹೇಳುತ್ತೇನೆ. ನನ್ನನ್ನು ಸಂತೋಷಪಡಿಸಲು ನಡುನಡುವೆ ಹೂಂಗುಟ್ಟಬೇಡ.”

ಮಹಾಬಲಯ್ಯ ಕೂತ. ಗುರು ಹೇಳಿದ ಕತೆ ಇದು.

ಕಡಲ ದಂಡೆಯಲ್ಲಿ ಒಂದು ಊರು. ಅಲ್ಲಿಂದ ದೋಣಿಯಲ್ಲಿ ಒಂದೂವರೆ ಗಂಟೆ ಹೋದರೆ ಒಂದು ನಡುಗಡ್ಡೆ. ಅದರ ಸುತ್ತಲಿನ ನೀರು ಬಹಳ ತಿಳಿ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಅದರ ನಳಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು, ನೀರಿನಡಿಯ ಮೀನುಗಳನ್ನು ನೋಡಲು ದೂರದೂರದ ಜನ ಅಲ್ಲಿಗೆ ಬರುತ್ತಿದ್ದರು. ಇದಕ್ಕೆ ಸ್ಕೂಬಾ ಎನ್ನುತ್ತಾರೆ. ನೆಲದ ಮೇಲೆ ಪುಕ್ಕಟೆ ಸಿಗುವ ಉಸಿರನ್ನು ದುಡ್ಡು ಕೊಟ್ಟು ಹೊತ್ತುಕೊಂಡು ಹೋಗುವ ಆಟ. ಹಾಗೆ ಬಂದವರನ್ನು ಒಂಟಿಯಾಗಿ ಇಳಿಯಲು ಬಿಡುವುದಿಲ್ಲ. ಜೊತೆಗೆ ಒಬ್ಬ ಗೈಡ್ ಇಳಿಯುತ್ತಾನೆ.

ಅಲ್ಲಿ ಅಂಥ ಒಬ್ಬ ಗೈಡ್ ಇದ್ದ. ಹದಿನಾಲ್ಕು ವರ್ಷ ಅದೇ ನೀರಿನಲ್ಲಿ ಮುಳುಗಿ ಎದ್ದವನು. ಹೊಸಬರು ಹೆದರಿದರೆ ಕೈ ಹಿಡಿಯುತ್ತಿದ್ದ. ಹೆದರದಿದ್ದರೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತಿದ್ದ. ಅವನಿಗೆ ಒಂದು ಆಸೆಯಿತ್ತು. ಅವನು ತೊಡುತ್ತಿದ್ದ ಉಸಿರಾಟದ ಸಲಕರಣೆ ದೋಣಿಯ ಧಣಿಯದು. ಅದು ಧಣಿಯದಾಗಿರುವ ತನಕ ಧಣಿ ಹೇಳಿದ ದಿನ ಇಳಿಯಬೇಕು, ಧಣಿ ಬೇಡವೆಂದ ದಿನ ಮನೆಯಲ್ಲಿ ಕೂರಬೇಕು. ಸ್ವಂತದ್ದೊಂದು ಕೊಂಡುಬಿಟ್ಟರೆ ಯಾವ ದೋಣಿಯಲ್ಲಾದರೂ ಹೋಗಬಹುದು. ಅದಕ್ಕಾಗಿ ಮೂರು ವರ್ಷದಿಂದ ಕೂಡಿಡುತ್ತಿದ್ದ. ಇನ್ನು ಸ್ವಲ್ಪವೇ ಕಡಿಮೆ ಬೀಳುತ್ತಿತ್ತು.

ದೋಣಿ ನಡೆಸುವವನಿಗೆ ಆ ಕಡೆ ತಾಂಡೇಲ ಎನ್ನುತ್ತಾರೆ. ಈ ಗೈಡ್ ಹೋಗುತ್ತಿದ್ದ ದೋಣಿಯ ತಾಂಡೇಲ ವಯಸ್ಸಾದವನು. ಮಾತು ಕಡಿಮೆ, ಸಿಟ್ಟು ಬೇಕಾದಷ್ಟು. ದೋಣಿಯಲ್ಲಿ ಯಾರು ಹತ್ತಬೇಕು, ಯಾರು ಹತ್ತಬಾರದು ಎಂಬುದರಲ್ಲಿ ಧಣಿಯೂ ಅವನ ಮಾತು ಮೀರುತ್ತಿರಲಿಲ್ಲ.

ಭಕ್ಷೀಸಿನ ವಿಚಾರದಲ್ಲಿ ತಾಂಡೇಲನದು ಒಂದು ಕಟ್ಟಳೆ. ಬಂದವರು ಕೊಡಬಹುದು, ಕೊಡದೆಯೂ ಇರಬಹುದು, ಯಾರೂ ಕೇಳುವಂತಿಲ್ಲ. ಕೊಡುವುದಾದರೆ ವಾಪಸು ಬಂದು, ಕಾಲಿಗೆ ದಡದ ಮರಳು ತಾಗಿದ ಮೇಲೆ ಕೊಡಬೇಕು. ಅದೂ ಕೈಗಲ್ಲ, ತಾಂಡೇಲ ಹಿಡಿದು ನಿಲ್ಲುವ ಡಬ್ಬಿಗೆ. ನೀರಿಗಿಳಿದವನು, ದೋಣಿ ನಡೆಸಿದವನು, ದೋಣಿಯ ಅಂಚಿನಲ್ಲಿ ಕೂತು ಮುಳುಗಿದವರ ಉಸಿರಿನ ಗುಳ್ಳೆ ಕಾಯ್ದವನು, ದಡದಲ್ಲಿ ಸಿಲಿಂಡರಿಗೆ ಗಾಳಿ ತುಂಬಿದವನು, ಇಷ್ಟೂ ಜನರಿಗೆ ಅದರಲ್ಲಿ ಸಮಪಾಲು. ನೀರಿಗಿಳಿಯುವ ಮೊದಲೇ ಭಕ್ಷೀಸು ಇಸಿದುಕೊಂಡವನಿಗೆ ಆ ಹಂಗಾಮು ಮುಗಿಯುವ ತನಕ ದೋಣಿಯಲ್ಲಿ ಜಾಗವಿಲ್ಲ. ಯಾಕೆ ಹೀಗೆ ಎಂದು ಯಾರಾದರೂ ಕೇಳಿದರೆ ತಾಂಡೇಲ ಸಮುದ್ರದ ಕಡೆ ಮುಖ ತಿರುಗಿಸುತ್ತಿದ್ದ. ಕಟ್ಟಳೆಯನ್ನು ಎಲ್ಲರೂ ಪಾಲಿಸುತ್ತಿದ್ದರು. ಕಾರಣ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಒಂದು ದಿನ ಒಬ್ಬ ವರ್ತಕ ಬಂದ. ಮನುಷ್ಯ ಕೆಟ್ಟವನಲ್ಲ, ಕೈ ಧಾರಾಳ. ಆದರೆ ಎಲ್ಲಿ ಹೋದರೂ ಮೊದಲು ಕೊಟ್ಟುಬಿಡುವುದು ಅವನ ಅಭ್ಯಾಸ. ಹೋಟೆಲಿನಲ್ಲಿ ಕೂರುವ ಮೊದಲೇ ಮಾಣಿಯ ಜೇಬಿಗೆ ನೋಟು ತುರುಕುತ್ತಿದ್ದ, ದೋಸೆ ಮೊದಲು ಅವನ ಮೇಜಿಗೇ ಬರುತ್ತಿತ್ತು. ದೇವಸ್ಥಾನಕ್ಕೆ ಹೋದರೆ ಸಾಲು ತಾನಾಗಿ ಸರಿದು ದಾರಿ ಕೊಡುತ್ತಿತ್ತು. ಲೋಕ ನಡೆಯುವುದೇ ಹೀಗೆ ಎಂದು ಅವನು ನಂಬಿದ್ದ. ಅವನ ಪಾಲಿಗೆ ಲೋಕ ಹಾಗೇ ನಡೆದಿತ್ತು ಕೂಡ.

ನಡುಗಡ್ಡೆಯ ಪಡುವಣ ಬದಿಯಲ್ಲಿ, ಹದಿನೈದು ಮಾರು ಆಳದಲ್ಲಿ, ಹಳೆಯ ಹಡಗೊಂದರ ಲಂಗರು ಬಿದ್ದಿತ್ತು. ವರ್ತಕನ ಎದುರಂಗಡಿಯವನು ಅದನ್ನು ಮುಟ್ಟಿ ಬಂದಿದ್ದ. ಮುಟ್ಟಿದ್ದನ್ನು ಫೋಟೋ ತೆಗೆಸಿ, ಕಟ್ಟು ಹಾಕಿಸಿ, ಗಲ್ಲಾದ ಹಿಂದೆ ತೂಗುಹಾಕಿದ್ದ. ಬೆಳಗಾದರೆ ಆ ಫೋಟೋ ನೋಡಿ ವರ್ತಕನಿಗೆ ಹೊಟ್ಟೆಯಲ್ಲಿ ಉರಿ ಏಳುತ್ತಿತ್ತು. ಎದುರಂಗಡಿಯವನು ಎರಡು ವರ್ಷ ಕಲಿತು ಅಷ್ಟು ಆಳಕ್ಕೆ ಇಳಿದಿದ್ದ. ವರ್ತಕನಿಗೆ ಇದೇ ಮೊದಲ ಸಲ. ಮೊದಲ ಸಲ ಬಂದವರನ್ನು ಆರು ಮಾರಿಗಿಂತ ಕೆಳಗೆ ಇಳಿಸುವುದಿಲ್ಲ.

ದೋಣಿ ನಡುಗಡ್ಡೆ ಮುಟ್ಟಿತು. ತಾಂಡೇಲ ಬೆನ್ನು ತಿರುಗಿಸಿ ಹಗ್ಗ ಬಿಗಿಯುತ್ತಿದ್ದ. ಆಗ ವರ್ತಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ಗೈಡನ ಅಂಗೈಗೆ ಒತ್ತಿದ. ನೀರಿನ ಕೆಲಸವೆಂದು ಮನೆಯಿಂದಲೇ ಸುತ್ತಿಕೊಂಡು ಬಂದಿದ್ದ.

“ಇದು ನಿಮಗೆ ಮಾತ್ರ. ಲಂಗರು ಮುಟ್ಟಿಸಿದರೆ ಇಷ್ಟೇ ಇನ್ನೊಮ್ಮೆ.”

“ಈಗ ಬೇಡ ಸ್ವಾಮೀ. ದಡಕ್ಕೆ ಹೋದ್ಮೇಲೆ ಡಬ್ಬಿಗೆ ಹಾಕಿ, ಮನಸ್ಸಿದ್ರೆ. ಲಂಗರು ಹೊಸಬರಿಗಲ್ಲ. ನಿಮಗೆ ಆರೇ ಮಾರು.”

“ನಾನೇನು ಲೆಕ್ಕ ಕೇಳಿದೆನಾ? ಖುಷಿಗೆ ಕೊಟ್ಟದ್ದು ಮಾರಾಯ್ರೇ. ಇಟ್ಕೊಳ್ಳಿ.”

ಗೈಡ್ ಪೊಟ್ಟಣವನ್ನು ಬಿಚ್ಚಿ ನೋಡಲಿಲ್ಲ. ಅದರ ದಪ್ಪ ಬೆರಳಿಗೇ ತಿಳಿಯಿತು. ಕಡಿಮೆ ಬೀಳುತ್ತಿದ್ದದ್ದು ಇದರಲ್ಲಿ ಪೂರ್ತಿ ತುಂಬಿಬರುತ್ತಿತ್ತು. ಅಂಗಡಿಯ ಗಾಜಿನ ಹಿಂದೆ ನೇತುಹಾಕಿದ್ದ ಸಲಕರಣೆ ಅವನ ಕಣ್ಣ ಮುಂದೆ ಬಂತು. ತಾಂಡೇಲ ಇನ್ನೂ ಈ ಕಡೆ ತಿರುಗಿರಲಿಲ್ಲ. ಖುಷಿಗೆ ಕೊಟ್ಟದ್ದು, ನಾನು ಏನನ್ನೂ ಒಪ್ಪಿಕೊಂಡಿಲ್ಲವಲ್ಲ ಎಂದು ಗೈಡ್ ತನಗೆ ತಾನೇ ಹೇಳಿಕೊಂಡ. ಪೊಟ್ಟಣ ಅವನ ಈಜುಡುಪಿನ ತೋಳಿನೊಳಗೆ ಹೋಯಿತು.

ಇಬ್ಬರೂ ಇಳಿದರು.

ನೀರಿನಡಿಯಲ್ಲಿ ಮಾತಿಲ್ಲ. ಇಳಿಯುವ ಮೊದಲು ನಾಲ್ಕೈದು ಕೈಸನ್ನೆಗಳನ್ನು ಕಲಿಸಿರುತ್ತಾರೆ. ಅದರಲ್ಲೇ ಎಲ್ಲ ನಡೆಯಬೇಕು. ಆರು ಮಾರು ಆಳದಲ್ಲಿ ಗೈಡ್ ನಿಂತ. ಸುತ್ತ ಹಳದಿ ಮೀನುಗಳ ಹಿಂಡು. ಒಂದು ಆಮೆ ಇವರನ್ನೇ ನೋಡಲು ಬಂದಂತೆ ಹತ್ತಿರ ಬಂದು ಹೋಯಿತು. ವರ್ತಕ ಮೀನನ್ನೂ ನೋಡಲಿಲ್ಲ, ಆಮೆಯನ್ನೂ ನೋಡಲಿಲ್ಲ. ಬೆರಳು ಮಾಡಿ ಕೆಳಗೆ ತೋರಿಸಿದ. ಗೈಡ್ ಬೇಡವೆಂದು ಕೈಯಾಡಿಸಿದ. ವರ್ತಕ ಹೆಬ್ಬೆರಳಿಗೆ ತೋರುಬೆರಳನ್ನು ಉಜ್ಜಿ ತೋರಿಸಿದ. ದಡದಲ್ಲಿ ಕಲಿಸಿದ ಸನ್ನೆಗಳಲ್ಲಿ ಅದು ಇರಲಿಲ್ಲ. ಆದರೂ ಗೈಡನಿಗೆ ಅರ್ಥವಾಯಿತು.

ಹದಿನಾಲ್ಕು ವರ್ಷದಲ್ಲಿ ಅವನು ಬೇಡವೆಂದು ಕೈಯಾಡಿಸಿದ್ದು ಎಷ್ಟು ಸಲವೋ. ದೊಡ್ಡ ಹುದ್ದೆಯವರಿಗೆ ಆಡಿಸಿದ್ದ, ಹಟ ಮಾಡಿದವರಿಗೆ ಆಡಿಸಿದ್ದ, ಮೇಲೆ ಬಂದು ಬೈದವರಿಗೂ ಆಡಿಸಿದ್ದ. ಒಮ್ಮೆಯೂ ಕೈ ಸೋತಿರಲಿಲ್ಲ. ಈಗ ಎರಡನೆಯ ಸಲಕ್ಕೆ ಕೈ ಏಳಲೇ ಇಲ್ಲ. ಒಬ್ಬರ ಮನೆಯಲ್ಲಿ ಉಂಡು, ಕೈ ತೊಳೆಯುವ ಮೊದಲೇ ಅವರು ಕೇಳಿದ ಉಪಕಾರಕ್ಕೆ ಆಗದು ಎನ್ನುವಾಗ ಆಗುವಂಥ ನಾಚಿಕೆ ಅವನನ್ನು ಹಿಡಿಯಿತು. ಇನ್ನೊಂದು ಮಾರು ಇಳಿದರೆ ಏನಾಗುತ್ತದೆ ಎಂದುಕೊಂಡ. ಇಳಿದರು. ಇನ್ನೊಂದು ಎಂದುಕೊಂಡ.

ಆಳಕ್ಕೆ ಹೋದಷ್ಟೂ ಸಿಲಿಂಡರಿನ ಗಾಳಿ ಬೇಗ ತೀರುತ್ತದೆ. ಅದರಲ್ಲೂ ಆತುರದವನದು ಇನ್ನೂ ಬೇಗ. ಹತ್ತು ಮಾರು ಆಳದಲ್ಲಿ ಗೈಡ್ ವರ್ತಕನ ಎದೆಯ ಮೇಲಿದ್ದ ಗಾಳಿಯ ಮೀಟರನ್ನು ತಿರುಗಿಸಿ ನೋಡಿದ. ಮುಳ್ಳು ಕೆಂಪು ಗೆರೆಗೆ ಬಂದಿತ್ತು. ಬಂದದ್ದೇ ಮೇಲಕ್ಕೆ ಹೊರಡಬೇಕು, ಅದರಲ್ಲಿ ಎರಡು ಮಾತಿಲ್ಲ. ಕೆಳಗೆ, ಮಂಜುಮಂಜಾಗಿ, ಕಪ್ಪನೆಯದೊಂದು ಆಕಾರ ಕಾಣುತ್ತಿತ್ತು. ಇನ್ನು ಐದೇ ಮಾರು.

ಗೈಡ್ ಮೇಲೆ ಹೋಗೋಣ ಎಂದು ಸನ್ನೆ ಮಾಡಿದ. ವರ್ತಕ ಒಲ್ಲೆನೆಂದು ತಲೆಯಾಡಿಸಿ, ಮತ್ತೆ ಬೆರಳು ಉಜ್ಜಿದ. ಆಮೇಲೆ ಎರಡು ಬೆರಳೆತ್ತಿ ತೋರಿಸಿದ. ಎರಡು ಪಟ್ಟು.

ಆಗ ಗೈಡನಿಗೆ ಹೆದರಿಕೆಯಾಯಿತು. ವರ್ತಕನನ್ನು ಕಂಡಲ್ಲ, ತನ್ನನ್ನೇ ಕಂಡು. ಮುಳ್ಳು ಕೆಂಪಿನಲ್ಲಿರುವುದು ಕಣ್ಣಿಗೆ ಕಾಣುತ್ತಿದ್ದರೂ ತಾನು ಯೋಚಿಸುತ್ತ ನಿಂತಿದ್ದೇನೆ ಎಂಬುದು ಅವನಿಗೆ ಹೊಳೆಯಿತು. ತಾಂಡೇಲನ ಕಟ್ಟಳೆಯ ಕಾರಣ ಅವನಿಗೆ ತಿಳಿದದ್ದು ಅಲ್ಲಿ. ತೋಳಿನೊಳಗೆ ಕೈ ಹಾಕಿ ಪೊಟ್ಟಣವನ್ನು ಎಳೆದು ತೆಗೆದ. ವರ್ತಕನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದ. ಮತ್ತೆ ಮೇಲಕ್ಕೆ ಸನ್ನೆ ಮಾಡಿದ. ಈ ಸಲ ಕೈಗೆ ಏನೂ ಭಾರವಾಗಲಿಲ್ಲ.

ವರ್ತಕ ತನ್ನ ಮುಷ್ಟಿಯನ್ನು ನೋಡಿಕೊಂಡ. ಕೊಟ್ಟದ್ದು ಹಿಂದಕ್ಕೆ ಬಂದದ್ದು ಅವನ ಆಯುಷ್ಯದಲ್ಲಿ ಅದೇ ಮೊದಲು. ಹತ್ತು ಮಾರು ನೀರಿನಡಿಯಲ್ಲಿ ಕೈತುಂಬ ದುಡ್ಡು ಹಿಡಿದು ನಿಂತಿದ್ದ. ಅಲ್ಲಿ ಮಾಣಿ ಇರಲಿಲ್ಲ, ಸರಿದು ದಾರಿ ಕೊಡುವ ಸಾಲೂ ಇರಲಿಲ್ಲ. ಅವನು ಏನಾದರೂ ತೀರ್ಮಾನ ಮಾಡುವ ಮೊದಲೇ ಗೈಡ್ ಅವನ ಎದೆಪಟ್ಟಿ ಹಿಡಿದು ಮೇಲಕ್ಕೆ ಎಳೆದುಕೊಂಡು ಹೊರಟಿದ್ದ.

ಏಳುವಾಗ ಅವಸರ ಕೂಡದು. ಮೂರು ಮಾರು ಉಳಿದಾಗ ನಿಲ್ಲಬೇಕು, ಮೈ ಹೊಂದಿಕೊಳ್ಳಲು ಮೂರು ನಿಮಿಷ ಬಿಡಬೇಕು. ಅಲ್ಲಿ ನಿಂತರು. ಅಲ್ಲಿಯೇ ವರ್ತಕನ ಗಾಳಿ ತೀರಿತು. ಅವನು ಎಳೆದ; ಬರಲಿಲ್ಲ. ಇನ್ನೂ ಜೋರಾಗಿ ಎಳೆದ, ಬರಲಿಲ್ಲ. ಕಣ್ಣುಗಳು ದೊಡ್ಡವಾದವು. ಕಾಲು ಬಡಿದು ಮೇಲಕ್ಕೆ ಚಿಮ್ಮಹೊರಟ. ಉಸಿರು ಕಟ್ಟಿ ಹಾಗೆ ಚಿಮ್ಮಿದರೆ ಶ್ವಾಸಕೋಶ ಒಡೆಯುತ್ತದೆ. ಗೈಡ್ ಒಂದು ಕೈಯಲ್ಲಿ ಅವನನ್ನು ಅವುಚಿ ಹಿಡಿದ. ಗೈಡನ ಎದೆಗೆ ಯಾವಾಗಲೂ ಇನ್ನೊಂದು ನಳಿಗೆ ಸಿಕ್ಕಿಸಿರುತ್ತದೆ. ಅದನ್ನು ಕಿತ್ತು ವರ್ತಕನ ಬಾಯಿಗಿಟ್ಟ.

ವರ್ತಕ ಎಳೆದ. ಗಾಳಿ ಬಂತು.

ಒಂದೇ ಸಿಲಿಂಡರಿನಿಂದ ಇಬ್ಬರೂ ಉಸಿರಾಡುತ್ತ, ಮುಖಕ್ಕೆ ಮುಖ ಕೊಟ್ಟು, ಮೂರು ನಿಮಿಷ ನಿಂತರು. ವರ್ತಕ ಎರಡೂ ಕೈಯಲ್ಲಿ ಗೈಡನ ತೋಳು ಹಿಡಿದುಕೊಂಡಿದ್ದ. ಪೊಟ್ಟಣ ಕೈಯಿಂದ ಯಾವಾಗ ಜಾರಿತೋ, ಇಬ್ಬರೂ ನೋಡಲಿಲ್ಲ.

ದೋಣಿ ಹತ್ತಿದ ಮೇಲೆ ಗೈಡ್ ಸಿಲಿಂಡರನ್ನೂ ಇಳಿಸದೆ ನೇರ ತಾಂಡೇಲನ ಮುಂದೆ ಹೋಗಿ ನಿಂತ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಹಂಗಾಮೇ ಹೋಯಿತು, ಸ್ವಂತ ಸಲಕರಣೆಯ ಮಾತು ಇನ್ನೆಷ್ಟು ವರ್ಷವೋ. ಆದರೂ ಹೇಳಿದ.

“ಇಳಿಯುವ ಮೊದಲೇ ಇಸ್ಕೊಂಡೆ. ಹೊಸಬರನ್ನು ಹತ್ತು ಮಾರಿಗೆ ಇಳಿಸಿದೆ. ಕೆಳಗೇ ವಾಪಸು ಕೊಟ್ಟೆ.”

ತಾಂಡೇಲ ಇಂಜಿನ್ ಶುರುಮಾಡಿದ. ದೋಣಿಯನ್ನು ದಡದ ಕಡೆ ತಿರುಗಿಸಿದ. ವರ್ತಕ ಟವೆಲು ಹೊದ್ದು ಮೂಲೆಯಲ್ಲಿ ಕೂತು ನಡುಗುತ್ತಿದ್ದ. ಗೈಡ್ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು. ಅದಕ್ಕೆ ಶಿಕ್ಷೆ ಏನೆಂದು ಗುಳ್ಳೆ ಕಾಯುವವನು ದಾರಿಯಲ್ಲಿ ಅವನಿಗೆ ಪಿಸುಗುಟ್ಟಿದ.

ದಡ ಬಂತು. ವರ್ತಕ ಇಳಿದು, ತನ್ನ ಚೀಲವಿಟ್ಟಿದ್ದ ಗುಡಿಸಲಿಗೆ ಹೋಗಿ ಬಂದ. ಬರಿಗಾಲಲ್ಲಿ ಮರಳಿನ ಮೇಲೆ ನಿಂತು ತಾಂಡೇಲನನ್ನು ಡಬ್ಬಿ ಕೇಳಿದ. ತಾಂಡೇಲ ಡಬ್ಬಿ ಹಿಡಿದ. ವರ್ತಕ ಅದಕ್ಕೆ ಹಾಕಿದ. ಗೈಡನಿಗೆ ಮುಜುಗರವಾಯಿತು.

“ಲಂಗರು ಮುಟ್ಟಿಸಲಿಲ್ಲವಲ್ಲ ಸ್ವಾಮೀ ನಾನು.”

“ಮುಟ್ಟಿಸಿದ್ದರೆ ಈಗ ಇದಕ್ಕೆ ಹಾಕೋಕೆ ನಾನೆಲ್ಲಿರ್ತಿದ್ದೆ?” ಎಂದ ವರ್ತಕ. ಆಮೇಲೆ ತಾಂಡೇಲನ ಕಡೆ ತಿರುಗಿದ. “ತಪ್ಪು ನನ್ನದು ಯಜಮಾನ್ರೇ. ಈ ಮನುಷ್ಯನನ್ನು ದೋಣಿಯಿಂದ ಇಳಿಸಬೇಡಿ.”

ತಾಂಡೇಲ ಡಬ್ಬಿಯ ಮುಚ್ಚಳ ಹಾಕಿದ.

“ಮೂವತ್ತು ವರ್ಷದಲ್ಲಿ ಮೊದಲೇ ಇಸ್ಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ,” ಎಂದ. “ನೀರಿನಡಿಯಲ್ಲೇ ಹಿಂದಕ್ಕೆ ಕೊಟ್ಟವನನ್ನು ಕಂಡಿರಲಿಲ್ಲ. ನಾಳೆ ಆರೂವರೆಗೆ ಬರಲಿ. ಹಂಗಾಮು ಮುಗಿಯುವ ತನಕ ಸಿಲಿಂಡರೆಲ್ಲ ಅವನೇ ಹೊರಲಿ.”

ಗೈಡ್ ಹೊತ್ತ. ದೋಣಿಯಿಂದ ದಡಕ್ಕೆ, ದಡದಿಂದ ದೋಣಿಗೆ, ದಿನಕ್ಕೆ ಹದಿನಾರು ಸಿಲಿಂಡರು. ಬೆನ್ನು ನೋಯುತ್ತಿತ್ತು, ಮನಸ್ಸು ಹಗುರವಾಗಿತ್ತು.

ವರ್ತಕ ಮರುದಿನವೂ ಬಂದ. ಅದರ ಮರುದಿನವೂ ಬಂದ. ಊರಿನಲ್ಲಿ ಕೋಣೆ ಹಿಡಿದು ಸರಿಯಾಗಿ ಕಲಿಯತೊಡಗಿದ. ನೀರಿಗಿಳಿಯುವ ಮೊದಲು ಅವನು ಕೊಡುತ್ತಿದ್ದದ್ದು ಒಂದು ನಮಸ್ಕಾರ ಮಾತ್ರ. ಹಳೆಯ ಅಭ್ಯಾಸ, ಕೈ ಜೇಬಿನ ಕಡೆ ಹೋಗುತ್ತಿತ್ತು. ಈಜುಡುಪಿಗೆ ಜೇಬಿರಲಿಲ್ಲ, ಒಳ್ಳೆಯದಾಯಿತು. ಗೈಡ್ ಮೇಲೆ ಹೋಗೋಣ ಎಂದಾಗ ಮರುಮಾತಿಲ್ಲದೆ ಮೇಲೆ ಬರುತ್ತಿದ್ದ. ಒಂದು ದಿನ ನೀರು ಕಲಕಿ, ಎದುರಿಗೆ ಚಾಚಿದ ಕೈಯೂ ಕಾಣದಂತಾಗಿ, ಎರಡೇ ಮಾರಿನಿಂದ ಗೈಡ್ ಹಿಂದಕ್ಕೆ ಕರೆತಂದ. ಅಂದು ವರ್ತಕ ಡಬ್ಬಿಗೆ ಉಳಿದ ದಿನಗಳಿಗಿಂತ ಹೆಚ್ಚು ಹಾಕಿದ. ಗುಳ್ಳೆ ಕಾಯುವವನು ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡ. ತಾಂಡೇಲ ಮಾತ್ರ ಆ ದಿನ ವರ್ತಕನನ್ನು ಕರೆದು, ತನಗೆಂದು ತಂದಿದ್ದ ಚಹಾದಲ್ಲಿ ಅರ್ಧ ಬಗ್ಗಿಸಿ ಕೊಟ್ಟ.

ಹಂಗಾಮು ಮುಗಿಯುವ ಹೊತ್ತಿಗೆ ಡಬ್ಬಿಯ ಪಾಲುಗಳು ಸೇರಿ ಗೈಡನಿಗೆ ಕಡಿಮೆ ಬೀಳುತ್ತಿದ್ದದ್ದು ತುಂಬಿತು. ಅವನು ಸ್ವಂತ ಸಲಕರಣೆ ಕೊಂಡ. ಇನ್ನು ಯಾವ ದೋಣಿಯಲ್ಲಾದರೂ ಹೋಗಬಹುದಾಗಿತ್ತು. ಹೋದದ್ದು ಅದೇ ಸಿಡುಕ ತಾಂಡೇಲನ ದೋಣಿಗೆ. ಎರಡು ವರ್ಷ ಕಳೆದ ಮೇಲೆ, ಸಮುದ್ರ ಶಾಂತವಾಗಿದ್ದ ಒಂದು ಬೆಳಿಗ್ಗೆ, ವರ್ತಕನೂ ಗೈಡನೂ ಹದಿನೈದು ಮಾರು ಇಳಿದರು. ವರ್ತಕ ಲಂಗರಿನ ಮೇಲೆ ಕೈಯಿಟ್ಟ. ಅವನ ಮೀಟರಿನಲ್ಲಿ ಆಗ ಅರ್ಧಕ್ಕಿಂತ ಹೆಚ್ಚು ಗಾಳಿ ಉಳಿದಿತ್ತು. ಫೋಟೋ ತೆಗೆಸಿಕೊಳ್ಳುವುದು ಅವನಿಗೆ ಮರೆತೇ ಹೋಯಿತು.

ಗುರು ಕತೆ ನಿಲ್ಲಿಸಿದರು. ಮಹಾಬಲಯ್ಯ ಕಣ್ಣೊರೆಸಿಕೊಂಡ. ಕತೆ ಅವನ ಮನಸ್ಸಿಗೆ ತಟ್ಟಿತ್ತು.

“ಆ ವರ್ತಕ ಪುಣ್ಯವಂತ ಗುರುಗಳೇ,” ಎಂದ. “ನನಗೆ ಅಂಥ ಮನುಷ್ಯ ಒಬ್ಬನೂ ಸಿಗಲಿಲ್ಲ.”

ಗುರು ಅವನ ಮುಖವನ್ನೇ ನೋಡಿದರು.

“ಮೊದಲ ವಾರವೇ ಆ ಖಾಲಿ ಬಸ್ಸು ನಿಲ್ಲಿಸಿ ಎಂದವನೊಬ್ಬ ಇದ್ದಿರಲೇಬೇಕು, ಮಹಾಬಲಯ್ಯ, ಅವನು ಈಗ ಯಾರ ಹತ್ತಿರ ಕೆಲಸ ಮಾಡುತ್ತಿದ್ದಾನೆ?”